ಕಿವಿ ಸರಿಯಿದ್ದರೂ ಸದ್ದೇಕೆ ಇಷ್ಟು ಕಾಡುತ್ತದೆ?

ಪ್ರಶ್ನೆ: ನನ್ನ ತಮ್ಮನಿಗೆ ಇಪ್ಪತ್ತಾರು ವರ್ಷ. ಮೂರು ವರ್ಷಗಳಿಂದ ಸ್ಕಿಜೋಫ್ರೇನಿಯಾಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದಾನೆ. ಯಾರೋ ಬೈಯುವಂತೆ ಕೇಳಿಸುತ್ತಿದ್ದ ದನಿಗಳು ಈಗ ಬಹಳ ಕಡಿಮೆಯಾಗಿವೆ. ಆದರೆ ಕುಕ್ಕರಿನ ವಿಶಲ್, ಪಕ್ಕದ ಮನೆಯ ಮಿಕ್ಸಿ, ಬೀದಿಯ ಹಾರ್ನ್ ಅವನನ್ನು ವಿಪರೀತ ಕಾಡುತ್ತವೆ. ಟಿ.ವಿ. ಹಾಕಿರುವಾಗ ನಾವು ಹೇಳಿದ್ದು ಅವನಿಗೆ ತಲುಪುವುದೇ ಇಲ್ಲ. ಸಹಜವಾಗಿ ಆಡಿದ ಮಾತಿಗೂ ‘ಯಾಕೆ ಗದರುತ್ತೀರಿ’ ಎನ್ನುತ್ತಾನೆ. ಕಿವಿ ಪರೀಕ್ಷೆ ಮಾಡಿಸಿದೆವು, ದೋಷವಿಲ್ಲ ಎಂದರು. ಸದ್ದು ಕೇಳಿಸಿ ಮಿದುಳಿನ ಅಲೆಗಳನ್ನು ಅಳೆದರೆ ಈ ಕಾಯಿಲೆ ಗೊತ್ತಾಗುತ್ತದೆ ಎಂದು ಓದಿದೆ. ಆ ಪರೀಕ್ಷೆ ಮಾಡಿಸಬೇಕೇ? ನನಗೂ ಬರಬಹುದೇ ಎಂಬುದು ಅದರಿಂದ ತಿಳಿಯುತ್ತದೆಯೇ? ಬರುವ ತಿಂಗಳು ನನ್ನ ಮದುವೆ. ಅವನನ್ನು ಛತ್ರಕ್ಕೆ ಕರೆದೊಯ್ಯಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ನಡೆದಿದೆ.

ಉತ್ತರ: ನಿಮ್ಮ ತಮ್ಮನ ಕಿವಿ ಸರಿಯಿದೆ ಎಂಬ ವರದಿಯೂ ನಿಜ, ಸದ್ದು ಅವನನ್ನು ಕಾಡುತ್ತದೆ ಎಂಬುದೂ ನಿಜ. ಇವೆರಡರ ನಡುವೆ ವಿರೋಧವಿಲ್ಲ. ಕಿವಿಯ ವರದಿ ಕೈಗೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ‘ಕಿವಿ ಚೆನ್ನಾಗಿಯೇ ಇದೆಯಂತೆ, ಬೇಕೆಂದೇ ಹೀಗೆ ಆಡುತ್ತಾನೆ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆ ತೀರ್ಮಾನ ತಪ್ಪು ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಬಯಸುತ್ತೇನೆ. ಶ್ರವಣ ತಜ್ಞರು ನಿಶ್ಶಬ್ದವಾದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಅಳೆಯುವುದು, ಬೇರೆ ಬೇರೆ ಸ್ಥಾಯಿಯ ಸ್ವರಗಳು ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತವೆ ಎಂಬುದನ್ನು ಮಾತ್ರ. ಹಾಗೆ ಒಳಗೆ ಬಂದ ಸದ್ದನ್ನು ಮಿದುಳು ಏನು ಮಾಡುತ್ತದೆ, ಯಾವುದನ್ನು ಉಳಿಸಿಕೊಳ್ಳುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂಬುದು ಆ ಪರೀಕ್ಷೆಗೆ ಸಿಗುವುದಿಲ್ಲ. ಸ್ಕಿಜೋಫ್ರೇನಿಯಾದಲ್ಲಿ ವ್ಯತ್ಯಾಸ ಕಾಣುವುದು ಬಹುಮಟ್ಟಿಗೆ ಈ ಎರಡನೆಯ ಹಂತದಲ್ಲಿ.

ಸದ್ದು ಬಂದಂತೆಲ್ಲ ನಾವು ಸುಮ್ಮನೆ ಕೇಳಿಸಿಕೊಳ್ಳುತ್ತೇವೆ ಎಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ಮಿದುಳು ಮುಂದೆ ಬರುವ ಸದ್ದು ಯಾವುದಿರಬಹುದೆಂದು ಸದಾ ಅಂದಾಜು ಮಾಡುತ್ತಲೇ ಇರುತ್ತದೆ. ಅಂದಾಜಿಗೆ ಹೊಂದಿಬಂದ ಸದ್ದಿಗೆ ಅದು ಹೆಚ್ಚು ಗಮನ ಕೊಡುವುದಿಲ್ಲ, ಅಂದಾಜು ತಪ್ಪಿದಾಗ ತಟ್ಟನೆ ಎಚ್ಚರಗೊಳ್ಳುತ್ತದೆ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಮನೆ ಮಾಡಿದವರಿಗೆ ಗಿರಣಿ ಓಡುತ್ತಿರುವಾಗ ನಿದ್ದೆ ಬರುತ್ತದೆ, ಅದು ನಿಂತ ಕ್ಷಣ ಎಚ್ಚರವಾಗುತ್ತದೆ. ಈ ಅಂದಾಜು ಮತ್ತು ಎಚ್ಚರದ ಕೆಲಸವನ್ನು ತಲೆಯ ಮೇಲಿನಿಂದಲೇ, ನೋವಿಲ್ಲದೆ, ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಸೂಕ್ಷ್ಮವಾಗಿ ಅಳೆಯಲು ಸಾಧ್ಯವಿದೆ. ನೀವು ಓದಿರುವುದು ಆ ಅಳತೆಯ ಬಗ್ಗೆಯೇ ಇರಬೇಕು.

ಅದಕ್ಕೆ ಬಳಸುವುದು ಇಇಜಿ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದ ಕೆಲಸವನ್ನು 1929ರಲ್ಲಿ ಪ್ರಕಟಿಸಿದಾಗಿನಿಂದ ಬಳಕೆಯಲ್ಲಿರುವ, ಮೂರ್ಛೆರೋಗದ ಪರೀಕ್ಷೆಯಿಂದ ನಮ್ಮಲ್ಲಿ ಅನೇಕರಿಗೆ ಪರಿಚಿತವಾಗಿರುವ ತಂತ್ರವದು. ಒಂದು ಸದ್ದಿಗೆ ಮಿದುಳು ತೋರುವ ಪ್ರತಿಕ್ರಿಯೆ ಕೆಲವೇ ಮೈಕ್ರೋವೋಲ್ಟ್‌ಗಳಷ್ಟು, ಅಂದರೆ ವೋಲ್ಟಿನ ಹತ್ತು ಲಕ್ಷದ ಕೆಲವು ಭಾಗಗಳಷ್ಟು ಇರುತ್ತದೆ. ಮಿದುಳಿನ ಉಳಿದ ಅಲೆಗಳು ಅದಕ್ಕಿಂತ ಹಲವು ಪಟ್ಟು ದೊಡ್ಡವಾದ್ದರಿಂದ ಒಂದು ಸಲ ಸದ್ದು ಮಾಡಿ ನೋಡಿದರೆ ಏನೂ ಕಾಣುವುದಿಲ್ಲ. ಅದೇ ಸದ್ದನ್ನು ನೂರಾರು ಬಾರಿ ಕೇಳಿಸಿ ಸರಾಸರಿ ತೆಗೆದಾಗ ಸಂಬಂಧವಿಲ್ಲದ ಅಲೆಗಳು ಒಂದನ್ನೊಂದು ಅಳಿಸಿಹಾಕಿ, ಸದ್ದಿಗೆ ಸಂಬಂಧಿಸಿದ ಸಣ್ಣ ಏರಿಳಿತ ಮಾತ್ರ ಉಳಿಯುತ್ತದೆ.

ಇಂಥ ಪ್ರತಿಕ್ರಿಯೆಗಳ ಪೈಕಿ ಸ್ಕಿಜೋಫ್ರೇನಿಯಾದಲ್ಲಿ ಅತಿ ಹೆಚ್ಚು ಅಧ್ಯಯನ ನಡೆದಿರುವವುಗಳಲ್ಲಿ ಒಂದಕ್ಕೆ ಮಿಸ್‌ಮ್ಯಾಚ್ ನೆಗೆಟಿವಿಟಿ ಎಂದು ಹೆಸರು. ಫಿನ್ಲೆಂಡಿನ ರಿಸ್ಟೊ ನ್ಯಾಟಾನೆನ್ ಮತ್ತು ಸಂಗಡಿಗರು 1978ರಲ್ಲಿ ಇದನ್ನು ವರ್ಣಿಸಿದರು. ವ್ಯಕ್ತಿಯನ್ನು ಕೂರಿಸಿ, ಸದ್ದಿಲ್ಲದ ಒಂದು ಚಿತ್ರವನ್ನು ನೋಡಲು ಹೇಳುತ್ತಾರೆ. ಕಿವಿಯಲ್ಲಿ ಒಂದೇ ಸ್ವರ ಮತ್ತೆ ಮತ್ತೆ ಬರುತ್ತಿರುತ್ತದೆ, ಉದಾಹರಣೆಗೆ 50 ಮಿಲಿಸೆಕೆಂಡು ಉದ್ದದ್ದು. ನಡುನಡುವೆ, ಹತ್ತರಲ್ಲಿ ಒಂದರಂತೆ, 100 ಮಿಲಿಸೆಕೆಂಡು ಉದ್ದದ ಸ್ವರ ನುಸುಳುತ್ತದೆ. ಕೇಳುವವನು ಅದರತ್ತ ಗಮನ ಕೊಡಬೇಕಾಗಿಯೇ ಇಲ್ಲ. ಆದರೂ ಸ್ವರ ಬದಲಾದ ಸುಮಾರು 100ರಿಂದ 250 ಮಿಲಿಸೆಕೆಂಡುಗಳೊಳಗೆ ಮಿದುಳು ‘ಇದು ಬೇರೆ’ ಎಂದು ಗುರುತಿಸಿದ ಗುರುತು ಇಇಜಿಯಲ್ಲಿ ಮೂಡುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ಗುರುತು ಸಣ್ಣದಾಗಿರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1991ರಲ್ಲಿ ತೋರಿಸಿದರು. ಆಮೇಲೆ ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಲ್ಲಿ ಅದೇ ಫಲಿತಾಂಶ ಮತ್ತೆ ಮತ್ತೆ ಬಂದಿದೆ. ಮನೋವೈದ್ಯಶಾಸ್ತ್ರದಲ್ಲಿ ಇಷ್ಟು ಸಲ ಪರೀಕ್ಷಿಸಿ ಉಳಿದುಕೊಂಡ ಜೈವಿಕ ವ್ಯತ್ಯಾಸಗಳು ಹೆಚ್ಚಿಲ್ಲ, ಆದ್ದರಿಂದಲೇ ಇದನ್ನು ನಾನು ಗಂಭೀರವಾಗಿ ಪರಿಗಣಿಸುತ್ತೇನೆ.

ಹೀಗೇಕಾಗುತ್ತದೆ ಎಂಬುದಕ್ಕೆ ಬಲವಾದ ಸುಳಿವೊಂದಿದೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸ್ವೀಕರಿಸುವ ಎನ್‌ಎಂಡಿಎ ಗ್ರಾಹಕಗಳನ್ನು ಔಷಧದಿಂದ ತಡೆದಾಗ ಕೋತಿಗಳ ಮಿದುಳಿನಲ್ಲಿ ಈ ಪ್ರತಿಕ್ರಿಯೆ ಕುಗ್ಗಿತು ಎಂದು 1996ರಲ್ಲಿ ಡೇನಿಯಲ್ ಜಾವಿಟ್ ಮತ್ತು ಸಹೋದ್ಯೋಗಿಗಳು ವರದಿ ಮಾಡಿದರು. 2000ದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ, ಅದೇ ಗ್ರಾಹಕವನ್ನು ತಡೆಯುವ ಕೆಟಮೀನ್ ಕೊಟ್ಟಾಗಲೂ ಹಾಗೆಯೇ ಆಯಿತು. ಈಗ ಬಳಕೆಯಲ್ಲಿರುವ ಔಷಧಗಳಲ್ಲಿ ಬಹುಪಾಲು ಡೋಪಮೈನ್ ಎಂಬ ಬೇರೊಂದು ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಕಾಣದ ದನಿಗಳು ಔಷಧದಿಂದ ತಗ್ಗಿದರೂ ಈ ಪ್ರತಿಕ್ರಿಯೆ ಹೆಚ್ಚಾಗಿ ಸುಧಾರಿಸದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ನಿಮ್ಮ ತಮ್ಮನಲ್ಲಿ ನೀವು ಕಾಣುತ್ತಿರುವುದು ಇದಕ್ಕೆ ಹೊಂದಿಕೆಯಾಗುತ್ತದೆ: ಬೈಗುಳದ ದನಿ ಬಹಳ ತಗ್ಗಿದೆ, ಕುಕ್ಕರಿನ ವಿಶಲ್ ಕಾಡುವುದು ತಗ್ಗಿಲ್ಲ. ಔಷಧ ಸೋತಿದೆ ಎಂದು ಇದರಿಂದ ಭಾವಿಸಬೇಡಿ, ಅದು ಮಾಡಬೇಕಾದ ಕೆಲಸವನ್ನು ಮಾಡಿದೆ.

‘ಯಾಕೆ ಗದರುತ್ತೀರಿ’ ಎಂಬ ಅವನ ಮಾತಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಅದೇ. ಎರಡು ಸ್ವರಗಳನ್ನು ಒಂದರ ಹಿಂದೊಂದು ಕೇಳಿಸಿ ‘ಇವೆರಡೂ ಒಂದೇಯೋ ಬೇರೆಯೋ’ ಎಂದು ಕೇಳುವ ಸರಳ ಪರೀಕ್ಷೆಯಲ್ಲಿ, ಸ್ಕಿಜೋಫ್ರೇನಿಯಾ ಇರುವ ಅನೇಕರಿಗೆ ವ್ಯತ್ಯಾಸ ತಿಳಿಯಬೇಕಾದರೆ ಸ್ಥಾಯಿಯ ಅಂತರ ಇತರರಿಗೆ ಬೇಕಾದದ್ದಕ್ಕಿಂತ ದೊಡ್ಡದಿರಬೇಕಾಗುತ್ತದೆ ಎಂಬುದು 1990ರ ದಶಕದಿಂದ ತಿಳಿದಿದೆ. ಮಾತಿನಲ್ಲಿ ಭಾವವನ್ನು ಹೊರುವುದು ಬಹುಪಾಲು ಈ ಸ್ಥಾಯಿಯ ಏರಿಳಿತವೇ. ‘ಈಗ ಬಂದೆಯಾ’ ಎಂಬ ಎರಡು ಪದಗಳನ್ನು ಅಕ್ಕರೆಯಿಂದಲೂ ಕೇಳಬಹುದು, ತಡವಾಯಿತೆಂಬ ಸಿಟ್ಟಿನಿಂದಲೂ ಕೇಳಬಹುದು. ಪದಗಳು ಅವೇ, ಬದಲಾಗುವುದು ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದಷ್ಟೇ. ಸ್ವರಗಳ ವ್ಯತ್ಯಾಸ ಗುರುತಿಸಲು ಕಷ್ಟಪಡುವವರೇ ದನಿಯಿಂದ ಭಾವವನ್ನು ಗುರುತಿಸಲೂ ಹೆಚ್ಚು ಕಷ್ಟಪಡುತ್ತಾರೆಂದು ಅಧ್ಯಯನಗಳು ತೋರಿಸಿವೆ. ಹೀಗಾಗಿ ನಿಮ್ಮ ತಮ್ಮ ನಿಮ್ಮ ಮೇಲೆ ತಪ್ಪು ಹೊರಿಸುತ್ತಿದ್ದಾನೆ ಎಂದೋ, ಅನುಮಾನದ ಕಾಯಿಲೆ ಮರಳಿದೆ ಎಂದೋ ಮೊದಲಿಗೇ ತಿಳಿಯಬೇಡಿ. ನಿಮ್ಮ ದನಿಯಲ್ಲಿದ್ದ ಅಕ್ಕರೆಯ ಭಾಗವೇ ಅವನ ಮಿದುಳಿಗೆ ಮಸುಕಾಗಿ ತಲುಪಿರಬಹುದು. ಭಾವ ಅಸ್ಪಷ್ಟವಾದಾಗ ಹೆದರಿದ ಮನಸ್ಸು ಅದನ್ನು ಸಿಟ್ಟೆಂದೇ ಓದಿಕೊಳ್ಳುವುದು ಆಶ್ಚರ್ಯವಲ್ಲ.

ಸದ್ದು ಕಾಡುವುದಕ್ಕೆ ಇನ್ನೊಂದು ವಿವರಣೆಯೂ ಇದೆ. ಅಮೆರಿಕದ ಕೊಲರಾಡೊದಲ್ಲಿ ಆಡ್ಲರ್, ಫ್ರೀಡ್‌ಮನ್ ಮತ್ತು ಸಂಗಡಿಗರು 1982ರಲ್ಲಿ ಒಂದು ಸುಲಭವಾದ ಪ್ರಯೋಗವನ್ನು ಪ್ರಕಟಿಸಿದರು. ‘ಟಕ್’ ಎಂಬ ಸದ್ದನ್ನು ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಬಾರಿ ಕೇಳಿಸಿ, ಸದ್ದಾದ ಸುಮಾರು 50 ಮಿಲಿಸೆಕೆಂಡಿಗೆ ಬರುವ, ಪಿ50 ಎನ್ನುವ ಅಲೆಯನ್ನು ಅಳೆದರು. ಆರೋಗ್ಯವಂತರಲ್ಲಿ ಮೊದಲ ಟಕ್‌ಗೆ ಅಲೆ ದೊಡ್ಡದಾಗಿ, ಎರಡನೆಯದಕ್ಕೆ ಬಹಳ ಸಣ್ಣದಾಗಿ ಬಂತು. ಗೊತ್ತಿರುವ ಸದ್ದೇ ಮತ್ತೆ ಬಂದರೆ ಮಿದುಳು ಬಾಗಿಲನ್ನು ಅರ್ಧ ಮುಚ್ಚಿದಂತೆ. ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಎರಡನೆಯ ಅಲೆ ಅಷ್ಟು ತಗ್ಗಲಿಲ್ಲ. ಮಿಕ್ಸಿಯ ಸದ್ದು ನಿಮಗೆ ಅರೆಗಳಿಗೆಯಲ್ಲಿ ಹಿನ್ನೆಲೆಗೆ ಸರಿದುಹೋಗಿ ಅಮ್ಮನ ಮಾತು ಕೇಳಿಸುತ್ತದೆ, ಅವನಿಗೆ ಮಿಕ್ಸಿ, ಟಿ.ವಿ., ಮಾತು ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ ಎಂದು ಊಹಿಸಿಕೊಂಡರೆ ಅವನ ದಣಿವು ಅರ್ಥವಾದೀತು. ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು. ಪಿ50 ಅಳತೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುತ್ತದೆ, ಮಿಸ್‌ಮ್ಯಾಚ್ ನೆಗೆಟಿವಿಟಿಯಷ್ಟು ಭರವಸೆಯದಲ್ಲ. ಅದನ್ನು ಸದ್ದಿನ ಕಿರಿಕಿರಿಗೆ ನೇರವಾಗಿ ಜೋಡಿಸುವ ಪುರಾವೆಯೂ ಬಲವಾಗಿಲ್ಲ.

ನಿಕೋಟಿನ್ ಈ ಪಿ50 ದೋಷವನ್ನು ಸ್ವಲ್ಪ ಹೊತ್ತು ಸರಿಪಡಿಸುತ್ತದೆ ಎಂಬುದು ಕಂಡುಬಂದಿದ್ದರಿಂದ, ಈ ಕಾಯಿಲೆಯವರು ಹೆಚ್ಚು ಸಿಗರೇಟು ಸೇದುವುದಕ್ಕೆ ಅದೂ ಒಂದು ಕಾರಣವೇ ಎಂಬ ಚರ್ಚೆ ನಡೆದಿದೆ. ನಿಮ್ಮ ತಮ್ಮ ಸೇದುತ್ತಾನೋ ಇಲ್ಲವೋ ನೀವು ಬರೆದಿಲ್ಲ. ಸೇದುತ್ತಿದ್ದರೆ ಇದನ್ನು ಸಮರ್ಥನೆಯಾಗಿ ತೆಗೆದುಕೊಳ್ಳಬಾರದು. ತಂಬಾಕಿನ ಹೊಗೆ ಕ್ಲೊಜಪಿನ್, ಒಲಾಂಜಪಿನ್‌ನಂಥ ಔಷಧಗಳನ್ನು ದೇಹ ಬೇಗನೆ ಕರಗಿಸಿಬಿಡುವಂತೆ ಮಾಡಿ ರಕ್ತದಲ್ಲಿ ಅವುಗಳ ಪ್ರಮಾಣವನ್ನು ತಗ್ಗಿಸುತ್ತದೆ. ಹಾಗೆಯೇ ಒಮ್ಮೆಲೇ ಬಿಟ್ಟರೆ ಪ್ರಮಾಣ ಏರುತ್ತದೆ. ಆದ್ದರಿಂದ ಬಿಡುವಾಗಲೂ ವೈದ್ಯರಿಗೆ ತಿಳಿಸಿಯೇ ಬಿಡಬೇಕು.

ಇನ್ನು ಅವನಿಗೆ ಹಿಂದೆ ಕೇಳಿಸುತ್ತಿದ್ದ ದನಿಗಳು. ನಮ್ಮ ಅಂಗಾಲಿಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ, ಏಕೆಂದರೆ ಕೈಗೆ ಆಜ್ಞೆ ಕೊಡುವಾಗಲೇ ಮಿದುಳು ಸ್ಪರ್ಶದ ಕೇಂದ್ರಕ್ಕೂ ‘ಇದು ನನ್ನದೇ’ ಎಂದು ಮುನ್ಸೂಚನೆ ಕಳಿಸಿರುತ್ತದೆ. ಮಾತಿನಲ್ಲೂ ಹಾಗೆಯೇ. ನಾವು ಮಾತಾಡುವಾಗ ನಮ್ಮ ದನಿಗೆ ನಮ್ಮ ಶ್ರವಣ ಕೇಂದ್ರ ತೋರುವ ಪ್ರತಿಕ್ರಿಯೆ, ಅದೇ ದನಿಯನ್ನು ಧ್ವನಿಮುದ್ರಿಸಿ ಕೇಳಿಸಿದಾಗಿನದಕ್ಕಿಂತ ಸಣ್ಣದು. ಸ್ಕಿಜೋಫ್ರೇನಿಯಾದಲ್ಲಿ ಈ ತಗ್ಗುವಿಕೆ ಕಡಿಮೆ ಎಂದು ಜೂಡಿತ್ ಫೋರ್ಡ್ ಮತ್ತು ಡೇನಿಯಲ್ ಮ್ಯಾಥಲಾನ್ 2001ರಿಂದೀಚೆಗೆ ತೋರಿಸುತ್ತ ಬಂದಿದ್ದಾರೆ. ತನ್ನೊಳಗೇ ಹುಟ್ಟಿದ ಮಾತಿಗೆ ‘ನನ್ನದು’ ಎಂಬ ಮೊಹರು ಬೀಳದಿದ್ದರೆ ಅದು ಹೊರಗಿನಿಂದ ಬಂದ ದನಿಯಂತೆ ತೋರಬಹುದು ಎಂಬುದು ಇದರ ಹಿಂದಿನ ವಿಚಾರ. ಎಲ್ಲ ದನಿಗಳನ್ನೂ ಈ ಒಂದೇ ವಿಚಾರ ವಿವರಿಸಲಾರದು. ಆದರೆ ಒಂದು ವಿಷಯ ಸ್ಪಷ್ಟವಿದೆ: ದನಿ ಕೇಳಿಸುವುದು ಬರಿಯ ಕಲ್ಪನೆಯಲ್ಲ. ದನಿ ಕೇಳಿಸಿದಾಗ ಗುಂಡಿ ಒತ್ತುವಂತೆ ರೋಗಿಗಳಿಗೆ ಹೇಳಿ ಎಂಆರ್‌ಐ ಯಂತ್ರದಲ್ಲಿ ನೋಡಿದಾಗ, ನಿಜವಾದ ಸದ್ದನ್ನು ಮೊದಲಿಗೆ ಸ್ವೀಕರಿಸುವ ಮಿದುಳಿನ ತೊಗಟೆಯ ಭಾಗವೇ ಚುರುಕಾಗಿದ್ದದ್ದು 1999ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಕಂಡಿತು. ಅದರಲ್ಲಿದ್ದವರು ಮೂವರೇ, ಮುಂದಿನ ಎಲ್ಲ ಅಧ್ಯಯನಗಳೂ ಅದೇ ಜಾಗವನ್ನು ತೋರಿಸಲಿಲ್ಲ. ಆದರೂ ಮಾತು ಮತ್ತು ಶ್ರವಣಕ್ಕೆ ಸಂಬಂಧಿಸಿದ ಭಾಗಗಳು ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿರುತ್ತವೆ ಎಂಬುದನ್ನು ಅನೇಕರು ಕಂಡಿದ್ದಾರೆ. ದನಿಗಳು ಮತ್ತೆ ಬಂದರೆ ‘ಏನೂ ಇಲ್ಲ, ಸುಮ್ಮನಿರು’ ಎನ್ನುವ ಬದಲು ‘ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಕೇಳಿಸುತ್ತಿದೆ ಎಂದು ನಂಬುತ್ತೇನೆ’ ಎನ್ನಿ. ಅದು ಸತ್ಯವೂ ಹೌದು.

ಈಗ ನಿಮ್ಮ ನೇರ ಪ್ರಶ್ನೆ, ಪರೀಕ್ಷೆ ಮಾಡಿಸಬೇಕೇ ಎಂಬುದು. ಬೇಡ. ಮಿಸ್‌ಮ್ಯಾಚ್ ನೆಗೆಟಿವಿಟಿ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2005ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ರೋಗಿಗಳ ಮತ್ತು ಆರೋಗ್ಯವಂತರ ಸರಾಸರಿಗಳ ನಡುವಿನ ಅಂತರ ಸುಮಾರು ಒಂದು ಮಾನಕ ವಿಚಲನೆಯಷ್ಟು (ಒಂದು ಗುಂಪಿನವರ ಅಳತೆಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿರುತ್ತವೆ ಎಂಬುದನ್ನು ಹೇಳುವ ಮಾಪನವದು). ಸಂಶೋಧನೆಯಲ್ಲಿ ಇದು ದೊಡ್ಡ ಅಂತರ. ಆದರೆ ಲೆಕ್ಕ ಹಾಕಿ ನೋಡಿ: ಅಂತರ ಇಷ್ಟಿದ್ದಾಗಲೂ ಆರೋಗ್ಯವಂತರಲ್ಲಿ ಸುಮಾರು ಆರಕ್ಕೆ ಒಬ್ಬರ ಪ್ರತಿಕ್ರಿಯೆ ರೋಗಿಗಳ ಸರಾಸರಿಗಿಂತಲೂ ಸಣ್ಣದಾಗಿರುತ್ತದೆ, ಆರು ರೋಗಿಗಳಲ್ಲಿ ಒಬ್ಬರದು ಆರೋಗ್ಯವಂತರ ಸರಾಸರಿಗಿಂತ ದೊಡ್ಡದಾಗಿರುತ್ತದೆ. ವಯಸ್ಸಾದಂತೆ ಅದು ಎಲ್ಲರಲ್ಲೂ ಕುಗ್ಗುತ್ತದೆ, ಬೇರೆ ಕೆಲವು ಕಾಯಿಲೆಗಳಲ್ಲೂ ಕುಗ್ಗುತ್ತದೆ. ಕಾಯಿಲೆ ಈಗಷ್ಟೇ ಆರಂಭವಾದವರಲ್ಲಿ, ಅಂದರೆ ಪರೀಕ್ಷೆ ನಿಜವಾಗಿ ಉಪಯೋಗಕ್ಕೆ ಬರಬೇಕಾದ ಹಂತದಲ್ಲಿ, ವ್ಯತ್ಯಾಸ ಇನ್ನೂ ಕಡಿಮೆ. ಗುಂಪುಗಳನ್ನು ಬೇರ್ಪಡಿಸುವ ಅಳತೆ ಒಬ್ಬ ವ್ಯಕ್ತಿಯನ್ನು ಗುರುತಿಸಲಾರದು. ಸ್ಕಿಜೋಫ್ರೇನಿಯಾವನ್ನು ಇಂದಿಗೂ ಗುರುತಿಸುವುದು ವ್ಯಕ್ತಿಯೊಂದಿಗೆ, ಮನೆಯವರೊಂದಿಗೆ ಕುಳಿತು ಮಾತಾಡಿ, ಕಾಲಾಂತರದಲ್ಲಿ ಗಮನಿಸಿ. ಯಾರಾದರೂ ಇಇಜಿ ತೆಗೆದು ಅದರಿಂದಲೇ ಸ್ಕಿಜೋಫ್ರೇನಿಯಾ ಇದೆ ಅಥವಾ ಇಲ್ಲ ಎಂದು ಹೇಳುತ್ತೇವೆಂದು ಹಣ ಕೇಳಿದರೆ ದಯವಿಟ್ಟು ಕೊಡಬೇಡಿ. ಮೂರ್ಛೆಯ ಅನುಮಾನವಿದ್ದು ವೈದ್ಯರು ಬರೆದುಕೊಡುವ ಇಇಜಿಯ ಮಾತು ಬೇರೆ. ಸಂಶೋಧನಾ ಸಂಸ್ಥೆಯೊಂದು ಅಧ್ಯಯನಕ್ಕಾಗಿ ಅವನನ್ನು ಕೇಳಿಕೊಂಡು, ಅವನು ಮನಃಪೂರ್ವಕ ಒಪ್ಪಿದರೆ ಭಾಗವಹಿಸಲಿ. ಅದರಿಂದ ಅವನಿಗೆ ಅಪಾಯವಿಲ್ಲ, ಶಾಸ್ತ್ರಕ್ಕೆ ಉಪಕಾರವಿದೆ.

ನಿಮ್ಮ ಬಗ್ಗೆ ಕೇಳಿದ ಪ್ರಶ್ನೆಗೂ ಇದೇ ಉತ್ತರ. ರೋಗವಿಲ್ಲದ ಒಡಹುಟ್ಟಿದವರಲ್ಲೂ ಕೆಲವರಲ್ಲಿ ಪಿ50 ವ್ಯತ್ಯಾಸ ಕಂಡುಬಂದಿದೆ. ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದಿಲ್ಲವಾದ್ದರಿಂದ, ಪರೀಕ್ಷೆಯಿಂದ ನಿಮಗೆ ಸಿಗುವುದು ಚಿಂತೆ ಮಾತ್ರ. ಕುಟುಂಬಗಳ ಮೇಲೆ ನಡೆದ ಹಳೆಯ ಅಧ್ಯಯನಗಳ ಪ್ರಕಾರ ರೋಗಿಯ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಈ ಕಾಯಿಲೆ ಬರಬಹುದು, ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬರುವುದಿಲ್ಲ. ನೀವು ಮದುವೆಯ ಸಂಭ್ರಮದಲ್ಲಿರಬೇಕಾದ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ಒಳಗೇ ಹೊತ್ತುಕೊಂಡಿದ್ದೀರಿ ಎಂಬುದು ನನಗೆ ಅರ್ಥವಾಗುತ್ತದೆ.

ಚಿಕಿತ್ಸೆಯ ಮಾತಿಗೆ ಬಂದರೆ, ಔಷಧಕ್ಕೆ ಬಗ್ಗದ ದನಿಗಳಿಗೆ ತಲೆಯ ಹೊರಗಿನಿಂದ 2 ಮಿಲಿಆಂಪಿಯರಿನಷ್ಟು ಕ್ಷೀಣವಾದ ವಿದ್ಯುತ್ತನ್ನು ಹರಿಸುವ ವಿಧಾನವೊಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದರ ಬಗ್ಗೆ ಗಣನೀಯ ಕೆಲಸ ನಡೆದಿದೆ. ಜಗತ್ತಿನ ಬೇರೆ ಬೇರೆ ಕಡೆಯ ಫಲಿತಾಂಶಗಳು ಒಂದೇ ತೆರನಾಗಿಲ್ಲ, ನಿಮ್ಮ ತಮ್ಮನಿಗೆ ದನಿಗಳು ಈಗಾಗಲೇ ತಗ್ಗಿರುವುದರಿಂದ ಸದ್ಯಕ್ಕೆ ಅದರ ಅಗತ್ಯವೂ ಇಲ್ಲ. ಸದ್ದಿನ ಕಿರಿಕಿರಿಯನ್ನು ಮಾತ್ರ ಅವನ ಮನೋವೈದ್ಯರಿಗೆ ತಪ್ಪದೆ ಹೇಳಿ. ಆತಂಕ, ಮೈಗ್ರೇನ್, ನಿದ್ದೆಗೇಡು, ಕೆಲವೊಮ್ಮೆ ಔಷಧದಿಂದಲೇ ಬರುವ ಚಡಪಡಿಕೆ, ಇವೂ ಸದ್ದನ್ನು ಅಸಹನೀಯವಾಗಿಸಬಲ್ಲವು ಮತ್ತು ಇವಕ್ಕೆ ಬೇರೆಯದೇ ಪರಿಹಾರವಿದೆ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಅವನೊಂದಿಗೆ ಮಾತಾಡುವ ಮೊದಲು ಟಿ.ವಿ. ಆರಿಸಿ, ಎದುರಿಗೆ ಬಂದು ಹೆಸರು ಹಿಡಿದು ಕರೆಯಿರಿ, ಅಡುಗೆಮನೆಯಿಂದ ಕೂಗಬೇಡಿ. ಒಂದು ಸಲಕ್ಕೆ ಒಬ್ಬರೇ ಮಾತಾಡಿ. ಭಾವವನ್ನು ದನಿಯ ಮೇಲಷ್ಟೇ ಹೊರಿಸದೆ ಪದಗಳಲ್ಲೂ ಹೇಳಿ: ‘ಸಿಟ್ಟಿಲ್ಲ, ಸುಮ್ಮನೆ ಕೇಳಿದೆ’ ಎಂಬ ಮೂರು ಪದಗಳು ನಿಮ್ಮ ಮನೆಯ ಎಷ್ಟೋ ಜಗಳಗಳನ್ನು ತಪ್ಪಿಸಬಲ್ಲವು. ‘ಈಗ ಮಿಕ್ಸಿ ಹಾಕುತ್ತೇನೆ’ ಎಂದು ಮೊದಲೇ ಹೇಳುವುದು ಅತಿಯೆನಿಸಬಹುದು, ಆದರೆ ಅಂದಾಜು ಮಾಡುವ ಕೆಲಸದಲ್ಲಿ ಹಿಂದೆ ಬಿದ್ದಿರುವ ಮಿದುಳಿಗೆ ಅದು ನೇರವಾದ ಸಹಾಯ.

ಕೊನೆಗೆ ಛತ್ರದ ಚರ್ಚೆ. ಅವನನ್ನು ಬಿಟ್ಟು ನೀವೆಲ್ಲ ತೀರ್ಮಾನಿಸಬೇಡಿ, ಅವನನ್ನೇ ಕೇಳಿ. ಬರುತ್ತೇನೆಂದರೆ ಖಂಡಿತ ಕರೆದೊಯ್ಯಿರಿ. ಹಿಂದಿನ ರಾತ್ರಿ ಅವನ ನಿದ್ದೆ ಕೆಡದಂತೆ, ಗುಳಿಗೆ ತಪ್ಪದಂತೆ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ಆ ದಿನದ ಓಡಾಟದಲ್ಲಿ ಇವೆರಡೇ ಮೊದಲು ಮರೆತುಹೋಗುವುದು. ಛತ್ರದಲ್ಲಿ ಧ್ವನಿವರ್ಧಕದಿಂದ ದೂರವಾದ ಒಂದು ಕೋಣೆಯ ಬೀಗದ ಕೈ ಅವನ ಜೇಬಿನಲ್ಲೇ ಇರಲಿ, ಯಾರನ್ನೂ ಕೇಳದೆ ಹೋಗಿ ಬರಲು. ಔಷಧದ ಅಂಗಡಿಯಲ್ಲಿ ಸಿಗುವ ಇಯರ್‌ಪ್ಲಗ್ ಕೊಂಡು ಮೊದಲೇ ಮನೆಯಲ್ಲಿ ಹಾಕಿ ನೋಡಲಿ, ಆದರೆ ದಿನವಿಡೀ ಹಾಕಿಕೊಳ್ಳುವ ಅಭ್ಯಾಸ ಬೇಡ, ಅದರಿಂದ ಸಣ್ಣ ಸದ್ದೂ ಇನ್ನಷ್ಟು ದೊಡ್ಡದಾಗಿ ತೋರಲು ಶುರುವಾಗುತ್ತದೆ. ಗಟ್ಟಿಮೇಳದ ಸಮಯವನ್ನು ಮೊದಲೇ ತಿಳಿಸಿ, ಆ ಕೆಲವು ನಿಮಿಷ ಅವನು ಹೊರಗಿದ್ದರೆ ಯಾರೂ ಎಳೆದು ತರದಿರಲಿ. ಮದುವೆಗೆ ಮುನ್ನ ನಿದ್ದೆ ಪೂರ್ತಿ ಕೆಟ್ಟರೆ, ದನಿಗಳು ಮರಳಿದರೆ, ಸಾಯುವ ಮಾತಾಡಿದರೆ ಕಾಯದೆ ವೈದ್ಯರನ್ನು ಕಾಣಿ. ವೈದ್ಯರು ಸಿಗದ ಹೊತ್ತಿನಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಮನೆಯ ಸಂಪ್ರದಾಯದಲ್ಲಿ ಲಾಜಾಹೋಮಕ್ಕೆ ಮದುಮಗಳ ಕೈಗೆ ಅಣ್ಣತಮ್ಮಂದಿರು ಅರಳು ಹಾಕುವ ಪದ್ಧತಿಯಿದ್ದರೆ ಆ ಕೆಲಸವನ್ನು ಅವನಿಗೇ ವಹಿಸಿ. ಗಟ್ಟಿಮೇಳದ ಅಬ್ಬರ ಆ ಹೊತ್ತಿಗೆ ಮುಗಿದಿರುತ್ತದೆ, ಸುತ್ತಲಿನವರೂ ಊಟದ ಕಡೆ ಸರಿದಿರುತ್ತಾರೆ.